ನನ್ನ ತಲೆಯಲ್ಲಿ ಇಲ್ಲದ ತೂತು

“ರುದ್ರಪ್ಪನವರು ಸ್ಟೂಲಿನ ಮೇಲಿಂದ ಬಿದ್ದರು. ತಲೆಬುರುಡೆಯಲ್ಲಿ ತೂತಾಯಿತು. ಆ ತೂತಿನ ದೆಸೆಯಿಂದ ಬುದ್ಧಿ ಏರುಪೇರಾಗಿ, ತಮ್ಮ ತಲೆಯನ್ನು ತಾವೇ ಚೀಲದಲ್ಲಿಟ್ಟುಕೊಂಡು ಆಟೋದಲ್ಲಿ ಊರು ಸುತ್ತಿದರು.”

ಸರಸ್ವತಿಪುರಂನ ನಮ್ಮ ರಸ್ತೆಯಲ್ಲಿ, ಹಾಲಿನ ಬೂತಿನಿಂದ ಹಿಡಿದು ಗಣಪತಿ ಗುಡಿಯ ಕಟ್ಟೆಯವರೆಗೆ, ನನ್ನ ವಿಷಯವಾಗಿ ಚಲಾವಣೆಯಲ್ಲಿರುವ ವೃತ್ತಾಂತ ಇದು. ಇದರಲ್ಲಿ ನಾಲ್ಕು ಪ್ರತಿಪಾದನೆಗಳಿವೆ. ಮೊದಲನೆಯದು ನಿಜ, ಆ ಸ್ಟೂಲಿನ ನಾಲ್ಕು ಕಾಲುಗಳಲ್ಲಿ ಮೂರು ಮಾತ್ರ ಕರ್ತವ್ಯನಿಷ್ಠವಾಗಿದ್ದವು. ಎರಡನೆಯದು ಶುದ್ಧ ಸುಳ್ಳು. ಮೂರನೆಯದರ ಬಗ್ಗೆ ನನಗೂ ನನ್ನ ಪತ್ನಿಗೂ ಮದುವೆಯಾದ ವರ್ಷದಿಂದ ಭಿನ್ನಾಭಿಪ್ರಾಯವಿದೆ. ಅದಕ್ಕೂ ಸ್ಟೂಲಿಗೂ ಸಂಬಂಧವಿಲ್ಲ. ನಾಲ್ಕನೆಯದು ಮಾತ್ರ ಅಕ್ಷರಶಃ ಸತ್ಯ. ಆದರೆ ಅದಕ್ಕೆ ಕಾರಣವಿತ್ತು!

ನಾನು ಶಾಲೆಯಲ್ಲಿ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಮಿಕ್ಕಿದ್ದನ್ನೆಲ್ಲ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ನಾನೇ ಕಲಿತುಕೊಂಡೆ. ಗುರುಗಳಿಲ್ಲದೆ ಕಲಿಯುವುದರ ಒಂದು ಅನುಕೂಲವೆಂದರೆ, ‘ನೀನು ಹೇಳುವುದು ತಪ್ಪು’ ಎನ್ನುವವರು ಯಾರೂ ಇರುವುದಿಲ್ಲ. ಆ ಕೊರತೆಯನ್ನು ನನ್ನ ಪತ್ನಿ ಗಿರಿಜ ತುಂಬಿಕೊಟ್ಟಿದ್ದಾಳೆ. ಉದ್ಯೋಗದಲ್ಲಿ ನಾನು ಸರ್ಕಾರಿ ಕಚೇರಿಯೊಂದರ ನಕ್ಷೆ ವಿಭಾಗದ ಟ್ರೇಸರ್. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಅವರ ಗೆರೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಮಸಿಯಲ್ಲಿ ಎತ್ತಿಕೊಳ್ಳುವುದು ಟ್ರೇಸರನ ಕೆಲಸ. ನಿವೃತ್ತನಾಗಿ ಹದಿನಾಲ್ಕು ವರ್ಷವಾಯಿತು. ಕೈ ಈಗಲೂ ನಡುಗುವುದಿಲ್ಲ.

ಅಟ್ಟದ ಮೇಲಿದ್ದ ಒಂದು ಹಳೆಯ ಪುಸ್ತಕವನ್ನು ಇಳಿಸಲು ಹೋಗಿ ನಾನೇ ಇಳಿದೆ. ಬೀರುವಿನ ಮೂಲೆ ತಲೆಗೆ ತಗುಲಿತು. ಡಾಕ್ಟರು ‘ಯಾವುದಕ್ಕೂ ಒಂದು ಸ್ಕ್ಯಾನ್ ಇರಲಿ’ ಎಂದರು. ಚಾಮರಾಜಪುರಂನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಮಲಗಿಸಿ, ದೊಡ್ಡ ಕೋಡುಬಳೆಯಂಥ ಯಂತ್ರದೊಳಕ್ಕೆ ತಲೆಯನ್ನು ತೂರಿಸಿ ತೆಗೆದರು. ಮೂಳೆ ಎಲ್ಲಿಯೂ ಮುರಿದಿಲ್ಲವೆಂದು ವರದಿ ಬಂತು. ಡಾಕ್ಟರು ಅದನ್ನು ನೋಡಿ, “ಏನೂ ಇಲ್ಲ, ಆರಾಮಾಗಿರಿ” ಎಂದು ಕಳುಹಿಸಿದರು. ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಏಕೆಂದರೆ ವರದಿಯ ಕವರಿನಲ್ಲಿ ಒಂದು ಬಣ್ಣದ ಚಿತ್ರವೂ ಇತ್ತು!

ನನ್ನ ತಲೆಬುರುಡೆಯನ್ನು ಎಡಪಕ್ಕದಿಂದ ತೋರಿಸುವ, ದಂತದ ಬಣ್ಣದ, ನುಣ್ಣನೆಯ ಚಿತ್ರ. ಎತ್ತಿ ಹಿಡಿಯಬಹುದು ಎನ್ನಿಸುವಷ್ಟು ಗುಂಡಗೆ ಮೂಡಿತ್ತು. ಸ್ಪಷ್ಟವಾಗಿ ಹೇಳುತ್ತೇನೆ, ನೋಡಲು ಚೆನ್ನಾಗಿಯೇ ಇತ್ತು. ಆದರೆ ಕಿವಿಗೂ ಕಣ್ಣಿಗೂ ನಡುವಿನ ಜಾಗದಲ್ಲಿ, ಹೆಬ್ಬೆರಳು ತೂರುವಷ್ಟು ದೊಡ್ಡದಾಗಿ, ಅಂಚು ಹರಿದ ಕಪ್ಪನೆಯ ತೂತೊಂದು ಬಾಯಿ ತೆರೆದಿತ್ತು.

ಗಿರಿಜ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ರೀ... ಏನ್ರೀ ಇದು? ಇಷ್ಟಗಲ ತೂತು! ಏನೂ ಇಲ್ಲ ಅಂದ್ರಲ್ಲ ಆ ಡಾಕ್ಟ್ರು?”

“ವರದಿಯಲ್ಲಿ ಬರೆದಿಲ್ಲ ಕಣೇ.”

“ವರದೀಲಿ ಬರೀದಿದ್ರೇನು, ಫೋಟೊದಲ್ಲೇ ಕಾಣ್ತಾ ಇದೆಯಲ್ಲ!”

ಈ ವಾದಕ್ಕೆ ಉತ್ತರ ಕೊಡುವುದು ಕಷ್ಟ. ಮನುಷ್ಯರು ಅಕ್ಷರವನ್ನು ನಂಬದೆ ಇರಬಹುದು, ಚಿತ್ರವನ್ನು ನಂಬದೆ ಇರಲಾರರು. ಗಿರಿಜ ಕೂಡಲೇ ತಮ್ಮನಿಗೆ ಫೋನ್ ಮಾಡಿದಳು. ಅವಳ ತಮ್ಮ ನಂಜುಂಡ ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು. ಆ ಕಾರಣಕ್ಕೆ ನಮ್ಮ ಬಂಧುವರ್ಗದಲ್ಲಿ ಅವನೇ ಧನ್ವಂತರಿ. ಅರ್ಧ ಗಂಟೆಯಲ್ಲಿ ಬಂದು, ಕನ್ನಡಕ ಏರಿಸಿ, ವರದಿಯನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನ್ಯಾಯಾಧೀಶನಂತೆ ನೋಡಿದ.

“ಅಕ್ಕ, ಮುರಿದಿಲ್ಲ ಅಂತ ಬರೆದವ್ರೆ. ಸರಿ. ತೂತಿಲ್ಲ ಅಂತ ಎಲ್ಲಿ ಬರೆದವ್ರೆ? ತೋರ್ಸು ನೋಡೋಣ.”

ಎಲ್ಲಿಯೂ ಬರೆದಿರಲಿಲ್ಲ!

ನಾನು ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದೆ. ಕೌಂಟರಿನ ಹೆಣ್ಣುಮಗಳು, “ಸಾರ್, ರಿಪೋರ್ಟಲ್ಲಿ ಏನಿದೆಯೋ ಅದೇ ಸಾರ್. ಬೇರೆ ಏನಾದ್ರೂ ಕೇಳ್ಬೇಕಂದ್ರೆ ಡಾಕ್ಟ್ರು ರಜದಲ್ಲಿದಾರೆ, ಮುಂದಿನ ಶನಿವಾರ ಬರ್ತಾರೆ” ಎಂದಳು.

ಅಂದಿನಿಂದ ನನ್ನ ಮೇಲೆ ಆಡಳಿತಾತ್ಮಕ ಕ್ರಮಗಳು ಜಾರಿಯಾದವು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಂಕಿ ಟೋಪಿ. ಶನಿವಾರದ ಎಣ್ಣೆ ಸ್ನಾನ ರದ್ದು. ತೂತಿನೊಳಗೆ ಎಣ್ಣೆ ಇಳಿದರೆ ಯಾರು ಜವಾಬ್ದಾರರು? ಇವನ್ನೆಲ್ಲ ಸಹಿಸಬಹುದಿತ್ತು. ಆದರೆ ನನ್ನ ನೀಲಿ ಸ್ಕೂಟರಿನ ಕೀ ಗೋಡೆಯ ಮೊಳೆಯಿಂದ ಗಿರಿಜಳ ಸೆರಗಿನ ಗಂಟಿಗೆ ವರ್ಗವಾಯಿತು. ಅದೂ ಸಾಲದೆಂದು ನಂಜುಂಡ, “ಬುಡು ಅಕ್ಕ, ಇನ್ನ್ಯಾಕೆ ಗಾಡಿ? ನನ್ ಸ್ನೇಹಿತರೊಬ್ರು ಕೇಳ್ತಾ ಅವ್ರೆ. ಮುಂದಿನ್ ಭಾನ್ವಾರ ಕರ್ಕೊಂಡ್ ಬರ್ತೀನಿ, ಕೊಟ್ಬುಡೋಣ” ಎಂದುಬಿಟ್ಟ.

ಆ ಸ್ಕೂಟರಿನ ಮೇಲೆಯೇ ನಾನು ಗ್ರಂಥಾಲಯಕ್ಕೆ ಹೋಗುವುದು, ತರಕಾರಿ ತರುವುದು, ಹಳೆಯ ಸಹೋದ್ಯೋಗಿಗಳ ಮನೆಗೆ ಹೋಗಿ ವಾದ ಮಾಡುವುದು, ಸೋತರೆ ಬೇಗ ಹೊರಟು ಬರುವುದು. ಅದು ಹೋದರೆ ನಾನು ಮನೆಯ ಸಾಮಾನುಗಳಲ್ಲಿ ಒಂದಾಗುತ್ತೇನೆ. ಗುಡಿಸುವಾಗ “ಕಾಲೆತ್ತಿ” ಎನ್ನಿಸಿಕೊಳ್ಳುವ ಸಾಮಾನು. ನನಗಿದ್ದದ್ದು ಒಂಬತ್ತು ದಿನ. ಅಷ್ಟರಲ್ಲಿ ತೂತಿಲ್ಲವೆಂದು ರುಜುವಾತುಪಡಿಸಬೇಕು. ಇದೇನು ಮಹಾ ಕೆಲಸ ಎಂದುಕೊಂಡೆ.

ಕವರಿನಲ್ಲಿ ಒಂದು ಸಿ.ಡಿ. ಸಹ ಇತ್ತು. ಅದನ್ನು ಹಿಡಿದು ನಮ್ಮ ರಸ್ತೆಯ ಕೊನೆಯಲ್ಲಿ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ನಡೆಸುವ ಭಾಗ್ಯ ಎಂಬಾಕೆಯ ಬಳಿಗೆ ಹೋದೆ. ಆಕೆ ಯಾವುದೋ ತಂತ್ರಾಂಶ ಹುಡುಕಿ ತೆರೆದರು. ಪರದೆಯ ಮೇಲೆ ನನ್ನ ತಲೆ ಪ್ರತ್ಯಕ್ಷವಾಯಿತು, ಹೋಳು ಹೋಳಾಗಿ, ಕಪ್ಪು ಬಿಳುಪಿನಲ್ಲಿ.

ಎರಡು ದಿನ ಅಲ್ಲಿಯೇ ಕುಳಿತು ನಾನು ವಿಷಯವನ್ನು ಅಧ್ಯಯನ ಮಾಡಿದೆ. ಯಂತ್ರವು ಬುರುಡೆಯ ಫೋಟೊ ತೆಗೆಯುವುದೇ ಇಲ್ಲ! ತಲೆಯನ್ನು ಸಾಸಿವೆಗಿಂತ ಚಿಕ್ಕ ಕಾಳುಗಳ ರಾಶಿಯೆಂದು ಭಾವಿಸಿ, ಒಂದೊಂದು ಕಾಳಿಗೂ ಒಂದೊಂದು ಅಂಕಿ ಕೊಡುತ್ತದೆ. ಗಾಳಿಗೆ ತೀರ ಕಡಿಮೆ, ಮಾಂಸಕ್ಕೆ ಮಧ್ಯಮ, ಮೂಳೆಗೆ ಹೆಚ್ಚು. ಅಷ್ಟೇ. ಅಂಕಿಗಳ ರಾಶಿಯಲ್ಲಿ ಮೇಲ್ಮೈ ಎಂಬುದಿಲ್ಲ. ಆಮೇಲೆ ಕಂಪ್ಯೂಟರಿಗೆ ಒಂದು ಗಡಿ ಅಂಕಿ ಹೇಳುತ್ತಾರೆ: ಇದಕ್ಕಿಂತ ಮೇಲಿದ್ದರೆ ಮೂಳೆ, ಕೆಳಗಿದ್ದರೆ ಅಲ್ಲ. ಅದು ಆ ಗಡಿಯುದ್ದಕ್ಕೂ ಒಂದು ಸಿಪ್ಪೆ ಹೊದಿಸಿ, ದಂತದ ಬಣ್ಣ ಬಳಿದು, ‘ಇಗೋ ನಿಮ್ಮ ಬುರುಡೆ’ ಎನ್ನುತ್ತದೆ.

ಇದು ನನಗೆ ಹೊಸದಾಗಿರಲಿಲ್ಲ. ಬೆಟ್ಟಗುಡ್ಡಗಳ ನಕ್ಷೆಯಲ್ಲಿ ಸಮಾನ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ನಾನು ಆಯುಷ್ಯವೆಲ್ಲ ಎಳೆದವನು. ಆ ಗೆರೆಗಳು ಬೆಟ್ಟದ ಮೇಲೆ ಇರುವುದಿಲ್ಲ. ಕಚೇರಿಯಲ್ಲಿ ಯಾರೋ ‘ಇಷ್ಟು ಅಡಿಗೆ ಎಳೆಯಿರಿ’ ಎಂದದ್ದರಿಂದ ಹುಟ್ಟುತ್ತವೆ. ಕೆರೆಯ ನೀರು ಒಂದಡಿ ಏರಿದರೆ ತಗ್ಗಾದ ಒಡ್ಡು ಮುಳುಗುತ್ತದೆ. ಮುಳುಗಿತೆಂದು ಒಡ್ಡೇ ಇಲ್ಲವೆನ್ನಲಾದೀತೆ? ನನ್ನ ತಲೆಯಲ್ಲಿ ಆ ಜಾಗದ ಮೂಳೆ ತೆಳುವಾಗಿದೆ. ಒಂದೊಂದು ಕಾಳಿನಲ್ಲೂ ಅರ್ಧ ಮೂಳೆ, ಅರ್ಧ ಮಾಂಸ ಸೇರಿ ಅಂಕಿ ನಡುವೆ ಬಿದ್ದಿದೆ. ಪಾಸಾಗಲು ಬೇಕಾದ ಅಂಕ ಬಾರದೆ ಪಾಪದ ಮೂಳೆ ಫೇಲಾಗಿದೆ!

ಭಾಗ್ಯ ಅವರ ಪರದೆಯಲ್ಲಿ ಆ ಗಡಿ ಅಂಕಿಯನ್ನು ಏರಿಸಿ ಇಳಿಸುವ ಒಂದು ಗುಂಡಿ ಇತ್ತು. ಮೇಲಕ್ಕೆ ಎಳೆದೆ. ತೂತು ದೊಡ್ಡದಾಯಿತು, ಹಣೆ ಕರಗಿತು, ಕೊನೆಗೆ ನಾನು ಕಟ್ಟಿಸಿಕೊಂಡ ಹಲ್ಲುಗಳು ಮಾತ್ರ ನಿರಾಧಾರವಾಗಿ ನಗುತ್ತ ಉಳಿದವು. ಕೆಳಕ್ಕೆ ಎಳೆದೆ. ತೂತು ಸಣ್ಣದಾಗುತ್ತ ಬಂದು, ಸೂಜಿಮೊನೆಯಷ್ಟಾಗಿ, ಮುಚ್ಚಿಕೊಂಡಿತು.

“ಮುಚ್ತು ಅಂಕಲ್! ಪ್ರಿಂಟ್ ಕೊಡ್ಲಾ?” ಎಂದರು ಭಾಗ್ಯ.

“ತಾಳಮ್ಮ. ಅನುಮಾನಕ್ಕೆ ಎಡೆ ಇರಬಾರದು. ಇನ್ನೂ ಸ್ವಲ್ಪ ಇಳಿಸೋಣ.”

“ಸಾಕು ಅಂಕಲ್, ಅಲ್ಲಿಗೇ ನಿಲ್ಸಿ.”

ನಾನು ನಿಲ್ಲಿಸಲಿಲ್ಲ. ತೂತಿದ್ದ ಜಾಗದ ಮೇಲಷ್ಟೇ ಕಣ್ಣಿಟ್ಟು, ಭದ್ರತೆಯ ದೃಷ್ಟಿಯಿಂದ ಧಾರಾಳವಾಗಿ ಇಳಿಸಿ, ಪ್ರಿಂಟ್ ತೆಗೆಸಿ, ನೋಡದೆಯೇ ಕವರಿಗೆ ಹಾಕಿಕೊಂಡು ವಿಜಯಿಯಾಗಿ ಮನೆಗೆ ನಡೆದೆ. ನಂಜುಂಡನೂ ಅಲ್ಲಿದ್ದ. ಕವರನ್ನು ಗಿರಿಜಳ ಕೈಗಿತ್ತು, “ಎಲ್ಲಿದೆ ತೂತು? ಹುಡುಕು!” ಎಂದೆ.

ಅವಳು ಚಿತ್ರವನ್ನು ಹೊರತೆಗೆದು ಒಂದು ಹೆಜ್ಜೆ ಹಿಂದಕ್ಕಿಟ್ಟಳು. “ಅಯ್ಯೋ ಶಿವನೇ! ತೂತು ಹೋಗಿ ಕೊಂಬು ಬಂದಿದೆಯಲ್ರೀ!”

ಆದದ್ದು ಇಷ್ಟೆ. ಅಂಕಿಯನ್ನು ಅಷ್ಟು ಇಳಿಸಿದ ಮೇಲೆ, ಸ್ಕ್ಯಾನ್ ಮಾಡುವಾಗ ತಲೆ ಅಲುಗಾಡದಂತೆ ಇಟ್ಟಿದ್ದ ದಿಂಬಿನ ಎರಡು ಕಿವಿಗಳೂ ಪಾಸಾಗಿ, ನನ್ನ ತಲೆಗೆ ಸೇರಿಕೊಂಡಿದ್ದವು. ಮೂಗು, ಗದ್ದ, ಚರ್ಮ ಎಲ್ಲ ಬಂದು ಚಿತ್ರದಲ್ಲಿದ್ದ ಪ್ರಾಣಿ ನನ್ನಂತೆಯೂ ಇತ್ತು, ಟಗರಿನಂತೆಯೂ ಇತ್ತು.

ನಂಜುಂಡ ನಗಲಿಲ್ಲ. ಅದು ಇನ್ನೂ ಕೆಟ್ಟದ್ದು. “ಭಾವ, ಅಂಕಿ ಇಳಿಸಿದ್ರೆ ತೂತು ಮುಚ್ಚುತ್ತೆ, ಕೊಂಬು ಬರುತ್ತೆ. ಏರಿಸಿದ್ರೆ ಕೊಂಬು ಹೋಗುತ್ತೆ, ತೂತು ಬರುತ್ತೆ. ಯಾವ ಅಂಕಿ ಸರಿ ಅಂತ ಯಾರು ಹೇಳ್ಬೇಕು? ನೀವೇನಾ?”

ವೈರಿಯ ಬಾಯಿಂದ ಬಂದರೂ ಪ್ರಶ್ನೆ ಒಳ್ಳೆಯದು. ಒಪ್ಪಿಕೊಳ್ಳದೆ ಒಳಗೆ ಹೋದೆ.

ಒಂದೇ ಅಂಕಿಯಿಂದ ಇಡೀ ತಲೆಯನ್ನು ಅಳೆಯಹೊರಟದ್ದೇ ತಪ್ಪು ಎಂಬ ತೀರ್ಮಾನಕ್ಕೆ ಬಂದೆ. ಗಡಿಯನ್ನು ಯಂತ್ರ ಹುಡುಕುವುದು ಬೇಡ. ಹೋಳಿನ ಮೇಲೆ ಹೋಳಿಟ್ಟು, ಒಂದೊಂದರಲ್ಲಿಯೂ ಮೂಳೆಯ ಅಂಚನ್ನು ಕಣ್ಣಿನಿಂದ ನೋಡಿ, ಕೈಯಿಂದ ಎತ್ತಿಕೊಂಡು, ಕತ್ತರಿಸಿ, ಜೋಡಿಸಿ, ನನ್ನ ತಲೆಯನ್ನು ನಾನೇ ಕಟ್ಟುತ್ತೇನೆ! ಕಚೇರಿಯಲ್ಲಿ ಗುಡ್ಡಗಳ ಮಾದರಿಗಳನ್ನು ರಟ್ಟಿನಲ್ಲಿ ಹೀಗೆಯೇ ಕಟ್ಟುತ್ತಿದ್ದೆವು. ಗುಡ್ಡಕ್ಕಿಂತ ತಲೆ ಚಿಕ್ಕದು ತಾನೆ?

ಭಾಗ್ಯ ಅವರು ನಲವತ್ತೆಂಟು ಹೋಳುಗಳನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿಕೊಟ್ಟರು. ತೆಳು ಥರ್ಮೋಕೋಲ್ ತರಲು ಸಿಟಿ ಬಸ್ಸಿನಲ್ಲಿ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅಂಗಡಿಯಲ್ಲಿ ಹಾಳೆಗಳ ಜೊತೆಗೆ, ಬೇಗ ಅಂಟಲಿ ಎಂದು ಚಪ್ಪಲಿಗೆ ಹಾಕುವ ಗಮ್ಮಿನ ಡಬ್ಬವನ್ನೂ ಎತ್ತಿಕೊಂಡೆ. ಅಂಗಡಿಯ ಹಿರಿಯರು ಕೈ ಅಡ್ಡ ಹಿಡಿದರು.

“ಯಜಮಾನ್ರೇ, ಈ ಗಮ್ಮು ಥರ್ಮೋಕೋಲ್‌ಗೆ ಹಾಕ್ಬೇಡಿ. ತಿಂದ್ಬುಡುತ್ತೆ.”

“ತಾವು ಸ್ವತಃ ಹಚ್ಚಿ ನೋಡಿದ್ದೀರಾ?”

“ನಾನ್ಯಾಕೆ ಸ್ವಾಮಿ ಹಚ್ಲಿ? ಎಲ್ರೂ ಹಂಗಂತಾರೆ.”

‘ಎಲ್ಲರೂ ಹಾಗೆನ್ನುತ್ತಾರೆ’ ಎಂಬ ಮಾತು ಕಿವಿಗೆ ಬಿದ್ದರೆ ನನ್ನೊಳಗಿನ ಸಂಶೋಧಕ ಎದ್ದು ಕೂರುತ್ತಾನೆ. ಗಮ್ಮು ಕೊಂಡೆ.

ಊಟದ ಮೇಜಿನ ಮೇಲೆ ಕೆಲಸ ಆರಂಭವಾಯಿತು. ಮೂರು ದಿನ ಗಿರಿಜ ನನಗೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಡಿಸಿದಳು. ಒಂದೊಂದು ಹೋಳನ್ನೂ ಟ್ರೇಸಿಂಗ್ ಹಾಳೆಗೆ ಎತ್ತಿಕೊಂಡು, ಥರ್ಮೋಕೋಲಿಗೆ ಇಳಿಸಿ, ಬ್ಲೇಡಿನಿಂದ ಕೊರೆದೆ. ನಲವತ್ತೆಂಟನ್ನೂ ಕೊರೆದು, ಗಮ್ಮು ಹಚ್ಚಿ, ಒಂದರ ಮೇಲೊಂದು ಕೂರಿಸಿ, ಕಾಫಿ ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ನನ್ನ ತಲೆ ಬಿಸಿ ಹಾಲಿಗೆ ಬಿದ್ದ ಬತ್ತಾಸಿನಂತೆ ಕುಸಿಯುತ್ತಿತ್ತು. ಒಂದು ತೂತನ್ನು ಅಲ್ಲಗಳೆಯಲು ಹೊರಟವನ ಎದುರಿಗೆ ಈಗ ಕೈ ತೂರುವಂಥ ಏಳು ತೂತುಗಳು!

“ಇದೇನ್ರೀ, ರೋಗ ಜಾಸ್ತಿ ಆಗಿದೆ?” ಎಂದಳು ಗಿರಿಜ.

ಎರಡನೆಯ ತಲೆಯನ್ನು ಮರಗೆಲಸದ ಬಿಳಿ ಗಮ್ಮಿನಿಂದ ಕಟ್ಟಿದೆ. ಈ ಸಲ ಕೊರೆಯುವ ಮುನ್ನ ನಿಧಾನವಾಗಿ ನೋಡಿದೆ. ಆಗ ನನಗೆ ಒಂದು ವಿಚಾರ ಹೊಳೆಯಿತು. ಇಲ್ಲಿ ಸ್ವಲ್ಪ ಗಂಭೀರನಾಗುತ್ತೇನೆ, ಓದುಗರು ಕ್ಷಮಿಸಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಮೂಳೆಗೆ ಅಂಚೇ ಇರಲಿಲ್ಲ. ಬಿಳುಪು ಬೂದು ಬಣ್ಣವಾಗುತ್ತ, ಬೂದು ಕಪ್ಪಾಗುತ್ತ ಹೋಗುತ್ತಿತ್ತು. ಪೆನ್ಸಿಲಿನ ಮೊನೆಯನ್ನು ಎಲ್ಲಿ ಇಡಬೇಕು? ಮೂವತ್ತಾರು ವರ್ಷ ಇನ್ನೊಬ್ಬರು ಎಳೆದ ಗೆರೆಯ ಮೇಲೆ ಗೆರೆ ಎಳೆದವನು ನಾನು. ಮೊದಲ ಸಲ, ಯಾರೂ ಎಳೆಯದ ಗೆರೆಯನ್ನು ನಾನೇ ನಿರ್ಧರಿಸಬೇಕಾಯಿತು. ಒಂದು ಚುಕ್ಕಿ ಎಲ್ಲಿಗೆ ಸೇರಿದ್ದೆಂದು ಆ ಚುಕ್ಕಿಯೊಂದನ್ನೇ ನೋಡಿದರೆ ತಿಳಿಯುವುದಿಲ್ಲ. ಅಕ್ಕಪಕ್ಕದ ಚುಕ್ಕಿಗಳನ್ನು ಕೇಳಬೇಕು, ಮೇಲಿನ ಹಾಳೆಯನ್ನೂ ಕೆಳಗಿನ ಹಾಳೆಯನ್ನೂ ಕೇಳಬೇಕು. ಹಾಗೆ ಕೇಳಿದಾಗ ಕಂಡಿತು. ತೂತೆಂದು ಹೇಳಿದ ಜಾಗದ ಒಂಬತ್ತು ಹಾಳೆಗಳಲ್ಲಿಯೂ, ದಾರದೆಳೆಯಷ್ಟು ಸಣ್ಣಗೆ, ಮಾಸಿದ ಬೂದಿ ಬಣ್ಣದ ಒಂದು ಗೆರೆ. ಮಂಕಾಗಿತ್ತು. ಆದರೆ ಎಲ್ಲಿಯೂ ಕಡಿದಿರಲಿಲ್ಲ.

ಗುರುವಾರ ಸಂಜೆ ನಂಜುಂಡನನ್ನು ಕರೆಸಿ, ಮೇಜಿನ ಮೇಲಿದ್ದ ಟವೆಲ್ ಎತ್ತಿ ತಲೆಯನ್ನು ಅನಾವರಣಗೊಳಿಸಿದೆ. ಕಿವಿಗೂ ಕಣ್ಣಿಗೂ ನಡುವೆ ಥರ್ಮೋಕೋಲ್ ಹಪ್ಪಳದಷ್ಟು ತೆಳುವಾಗಿತ್ತು. ಬೆಳಕು ಹಿಡಿದರೆ ಹೊಳೆಯುತ್ತಿತ್ತು. ಆದರೆ ತೂತಿರಲಿಲ್ಲ.

ನಂಜುಂಡ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಣ್ಣದ ಚಿತ್ರವನ್ನು ತಲೆಯ ಪಕ್ಕ ಹಿಡಿದ. “ಭಾವ, ಇದು ಯಾರ ತಲೆ?”

“ಏಕೆ?”

“ತೂತಿರೋದು ಎಡಗಡೆ. ನೀವು ತೆಳ್ಳಗೆ ಮಾಡಿರೋದು ಬಲಗಡೆ.”

ಗಿರಿಜ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಥರ್ಮೋಕೋಲ್ ತಲೆಯನ್ನು ಪಕ್ಕಕ್ಕೆ ಹಿಡಿದು ನೋಡಿದಳು. ಅದರಿಂದ ಗೊಂದಲ ಇನ್ನೂ ಹೆಚ್ಚಾಯಿತು. ನಿಜಕ್ಕೂ ಎಡ ಬಲಕ್ಕೆ ಹೋಗಿತ್ತು!

ಈ ಘಟ್ಟದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ‘ನನ್ನಿಂದೇನೋ ತಪ್ಪಾಗಿರಬೇಕು’ ಎಂದುಕೊಳ್ಳುತ್ತಾನೆ. ನಾನು ಹಾಗೆಂದುಕೊಳ್ಳಲಿಲ್ಲ. ಮೂವತ್ತಾರು ವರ್ಷ ಕೂದಲೆಳೆ ತಪ್ಪದ ಕೈ ಇದು! ಶುಕ್ರವಾರವೆಲ್ಲ ಕುಳಿತು ಸ್ಕ್ಯಾನ್ ಸೆಂಟರಿಗೆ ಒಂದು ದೂರುಪತ್ರ ಬರೆದೆ. “ಮಾನ್ಯರೇ, ತಮ್ಮ ಯಂತ್ರವು ಸದರಿ ಅರ್ಜಿದಾರನ ತಲೆಯ ಎಡಭಾಗವನ್ನು ಬಲಕ್ಕೂ ಬಲಭಾಗವನ್ನು ಎಡಕ್ಕೂ ಅರ್ಜಿದಾರನ ಪೂರ್ವಾನುಮತಿ ಇಲ್ಲದೆ ವರ್ಗಾಯಿಸಿರುವುದು ಸಾಕ್ಷ್ಯಸಮೇತ ರುಜುವಾತಾಗಿದ್ದು...” ಎಂದು ಆರಂಭವಾಗುವ ಆ ಪತ್ರ ನಾಲ್ಕು ಪುಟವಿತ್ತು. ಗಂಭೀರ ಗದ್ಯಕ್ಕೆ ಮಾದರಿಯಾಗುವಂತಿತ್ತು.

ಶನಿವಾರ ಬೆಳಿಗ್ಗೆ ತಲೆಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದೆ. ತಲೆಗೆ ಮಂಕಿ ಟೋಪಿ, ತೊಡೆಯ ಮೇಲೆ ಚೀಲ. ಆಟೋದವನು ಕನ್ನಡಿಯಲ್ಲಿ ಎರಡು ಮೂರು ಸಲ ನೋಡಿ ಕೇಳಿಯೇಬಿಟ್ಟ.

“ಏನ್ ಸಾರ್ ಅದು, ಕುಂಬಳಕಾಯಾ?”

“ಅಲ್ಲಪ್ಪ. ನನ್ನ ತಲೆ.”

ಅವನು ಕನ್ನಡಿಯಿಂದ ಕಣ್ಣು ಕಿತ್ತು ವೇಗ ಹೆಚ್ಚಿಸಿದ. ಚಾಮರಾಜಪುರಂ ಅಷ್ಟು ಬೇಗ ಬಂದದ್ದನ್ನು ನಾನು ಕಂಡಿಲ್ಲ.

ಸ್ಕ್ಯಾನ್ ಓದುವ ಡಾಕ್ಟರು ಐವತ್ತರ ಆಸುಪಾಸಿನ ಹೆಣ್ಣುಮಗಳು. ದೂರುಪತ್ರದ ಮೊದಲ ಪುಟ ಓದಿ, ಬಾಯಿಗೆ ಕರವಸ್ತ್ರ ಹಿಡಿದು, ತಲೆಯನ್ನು ಚೀಲದಿಂದ ತೆಗೆಯಲು ಹೇಳಿದರು. ಅದನ್ನು ಎರಡೂ ಕೈಗಳಲ್ಲಿ ತಿರುಗಿಸಿ ನೋಡಿದರು.

“ಇದನ್ನ ಯಾರು ಮಾಡಿದ್ದು?”

“ನಾನೇ. ತಮ್ಮದೇ ಸಿ.ಡಿ.ಯಿಂದ.”

“ಹಾಳೆಗಳನ್ನ ಮುಖ ಮೇಲೆ ಮಾಡಿ ಜೋಡಿಸಿದ್ರಾ?”

“ಮತ್ತೆ? ಎಲ್ಲರೂ ಹಾಗೇ ತಾನೇ ಜೋಡಿಸೋದು.”

ಡಾಕ್ಟರಮ್ಮ ನಕ್ಕರು. “ಸಾರ್, ನಾವು ಹೋಳುಗಳನ್ನ ರೋಗಿಯ ಕಾಲ ಕಡೆಯಿಂದ ನೋಡ್ತೀವಿ. ಮಲಗಿರೋರ ಪಾದದ ಹತ್ರ ನಿಂತು ಮೇಲಕ್ಕೆ ನೋಡ್ದಂಗೆ. ಅವರ ಎಡಗಡೆ ನಮಗೆ ಬಲಗಡೆ ಕಾಣುತ್ತೆ. ಪ್ರತಿ ಹಾಳೇನೂ ಮಗುಚಿ ಹಾಕಿ ಜೋಡಿಸ್ಬೇಕಿತ್ತು.”

ಮೂವತ್ತಾರು ವರ್ಷದ ಟ್ರೇಸರ್. ಹಾಳೆಯ ಯಾವ ಮುಖ ಮೇಲಿರಬೇಕು ಎಂಬುದು ಆ ಕೆಲಸದ ಮೊದಲ ದಿನದ ಪಾಠ. ನಾನು ನಲವತ್ತೆಂಟು ಹಾಳೆಗಳನ್ನೂ ತಪ್ಪದೆ, ಕೂದಲೆಳೆಯಷ್ಟೂ ಆಚೀಚೆಯಾಗದೆ, ತಿರುವುಮುರುವಾಗಿ ಜೋಡಿಸಿದ್ದೆ! ದೂರುಪತ್ರವನ್ನು ಮೆಲ್ಲಗೆ ಅವರ ಮೇಜಿನಿಂದ ಎತ್ತಿ ಜೇಬಿಗೆ ಸೇರಿಸಿಕೊಂಡೆ.

ಆದರೆ ಅವರು ತಲೆಯನ್ನು ಕೆಳಗಿಟ್ಟಿರಲಿಲ್ಲ. ಆ ತೆಳುಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. “ಇಲ್ಲಿ ಮೂಳೆ ಇದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಬಣ್ಣದ ಚಿತ್ರದಲ್ಲಿ ಇಲ್ಲವಲ್ಲ.”

“ಒಂಬತ್ತು ಹಾಳೆಗಳಲ್ಲಿ ಗೆರೆ ಕಡಿದಿಲ್ಲ ಡಾಕ್ಟರೇ. ಮಂಕಾಗಿದೆ. ಮೇಲಿನ ಹಾಳೆಯ ಗೆರೆ ಎಲ್ಲಿ ನಿಂತಿತೋ ಕೆಳಗಿನದು ಅಲ್ಲಿಗೇ ಬಂದು ಕೂರುತ್ತದೆ. ತೂತಾಗಿದ್ದರೆ ಹಾಗೆ ಕೂರುತ್ತಿರಲಿಲ್ಲ.”

ಅವರು ತಮ್ಮ ಪರದೆಯತ್ತ ತಿರುಗಿದರು. ನನ್ನ ತಲೆಯನ್ನು ತೆರೆದು, ಕೂದಲೆಳೆಯಂಥ ಸಣ್ಣ ಹೋಳುಗಳಲ್ಲಿ ಒಂದೊಂದಾಗಿ ನೋಡತೊಡಗಿದರು. ಬಹಳ ಹೊತ್ತು ನೋಡಿ, ಒಂದು ಹೋಳಿನ ಮೇಲೆ ನಿಂತು, ಮತ್ತೆ ಹಿಂದಿನ ಹೋಳುಗಳಿಗೆ ಮರಳಿದರು. ಆಗ ಮಾತ್ರ, ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು. ನಾಳೆಯೇ ಭಾನುವಾರ. ನಾನು ಅಂಚು ಕಂಡೆನೆಂದದ್ದು ಬರೀ ಕಾಣಬೇಕೆಂಬ ಆಸೆಯಿಂದಾಗಿದ್ದರೆ? ಟೋಪಿಯೊಳಗೆ ಕೈ ಹಾಕಿ ಆ ಜಾಗವನ್ನು ಒತ್ತಿ ನೋಡಿಕೊಂಡೆ. ಗಟ್ಟಿಯಾಗಿಯೇ ಇತ್ತು.

“ತೂತಿಲ್ಲ” ಎಂದರು ಡಾಕ್ಟರಮ್ಮ. “ಆ ಜಾಗದ ಮೂಳೆ ಎಲ್ರಿಗೂ ತೆಳ್ಳಗಿರುತ್ತೆ, ನಿಮಗೆ ಇನ್ನೂ ಸ್ವಲ್ಪ ತೆಳು. ಚಿತ್ರ ಮಾಡೋ ತಂತ್ರಾಂಶ ಒಂದೇ ಅಂಕಿ ಇಟ್ಕೊಂಡು ಹೋಗುತ್ತೆ, ಅಲ್ಲಿ ಬಿಟ್ಟುಬಿಡುತ್ತೆ. ನೀವು ಹೇಳಿದ್ದೇ ಸರಿ.”

ನೀವು ಹೇಳಿದ್ದೇ ಸರಿ! ಎಪ್ಪತ್ತೆರಡು ವರ್ಷಗಳಲ್ಲಿ ಈ ವಾಕ್ಯವನ್ನು, ಒಬ್ಬ ಪದವೀಧರರ ಬಾಯಿಂದ, ಸ್ವಂತ ಕಿವಿಯಿಂದ ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಹೇಳಿಸಿಕೊಳ್ಳೋಣವೆನ್ನಿಸಿತು. ಸಂಕೋಚವಾಯಿತು.

“ಬರೆದು ಕೊಡಬೇಕು” ಎಂದೆ. “ತೂತಿಲ್ಲ ಅಂತಲೇ ಬರೆಯಬೇಕು. ಮುರಿದಿಲ್ಲ ಅಂದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.”

“ಪೂರಕ ವರದಿ ಬರೀತೀನಿ. ಎರಡನೇ ಸಲ ಇಷ್ಟು ಕೂಲಂಕಷವಾಗಿ ನೋಡಿದ್ಮೇಲೆ ಕಂಡಿದ್ದನ್ನೆಲ್ಲ ಬರೀಲೇಬೇಕು. ಆದರೆ ಒಂದು ಕೇಳ್ಕೊತೀನಿ ಸಾರ್. ಈ ತಲೆ ನಮಗೆ ಕೊಡ್ತೀರಾ? ಬಣ್ಣದ ಚಿತ್ರ ನೋಡಿ ಗಾಬರಿಯಾಗಿ ಬರೋರು ತುಂಬ ಜನ. ಇದನ್ನ ತೋರಿಸಿ ಹೇಳಿದ್ರೆ ಅರ್ಥ ಆಗುತ್ತೆ. ಎಡ ಬಲ ಅದಲುಬದಲಾಗಿದ್ರೂ ಪರವಾಗಿಲ್ಲ.”

ದಾನ ಮಾಡಿದೆ. ಶಿರೋದಾನವೆಂದೇ ಹೇಳಬಹುದು.

ಪೂರಕ ವರದಿಯನ್ನು ಆಟೋದಲ್ಲಿಯೇ ಬಿಡಿಸಿದೆ. ಮೊದಲ ಪ್ಯಾರಾದಲ್ಲಿ, ಇಂಗ್ಲಿಷಿನಲ್ಲಿ, ಎಡಭಾಗದ ಮೂಳೆಯು ತೆಳುವಾಗಿದ್ದರೂ ಅಖಂಡವಾಗಿದೆ, ತೂತು ಇಲ್ಲ, ಚಿತ್ರದಲ್ಲಿ ಕಾಣುವುದು ಗಣನೆಯ ದೋಷ ಎಂದು ಸ್ಪಷ್ಟವಾಗಿತ್ತು. ಅಷ್ಟು ಓದುವಷ್ಟರಲ್ಲಿ ಕಣ್ಣು ಮಂಜಾಯಿತು. ಮಡಿಸಿ ಎದೆಗೊತ್ತಿಕೊಂಡು ನೇರವಾಗಿ ಭಾಗ್ಯ ಅವರ ಅಂಗಡಿಗೆ ಹೋದೆ.

“ಮೂವತ್ತು ಪ್ರತಿ, ಭಾಗ್ಯಮ್ಮ!”

ಅವರು ಹಾಳೆಯ ಮೇಲೆ ಕಣ್ಣಾಡಿಸಿ, “ಅಂಕಲ್, ಕೆಳಗಿನ ಪ್ಯಾರಾನೂ ಬರ್ಬೇಕಾ, ಮೇಲಿಂದಷ್ಟೇ ಸಾಕಾ?” ಎಂದರು.

“ಸತ್ಯವನ್ನು ತುಂಡು ಮಾಡಬಾರದಮ್ಮ. ಸಮಗ್ರವಾಗಿರಲಿ!”

ಹಾಲಿನ ಬೂತಿಗೆ ಒಂದು ಅಂಟಿಸಿದೆ. ಗಣಪತಿ ಗುಡಿಯ ಸೂಚನಾ ಫಲಕಕ್ಕೆ ಒಂದು. ಎದುರುಮನೆ, ಪಕ್ಕದಮನೆ, ಮೂಲೆಯ ದರ್ಜಿ ಅಂಗಡಿ, ಒಬ್ಬರನ್ನೂ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರ್ ನೋಡಲು ನಂಜುಂಡನ ಜೊತೆ ಬಂದ ಸ್ನೇಹಿತರ ಕೈಗೂ, ಕಾಫಿಗಿಂತ ಮೊದಲು, ಒಂದು ಪ್ರತಿ ಕೊಟ್ಟೆ. ಮೊದಲ ಪ್ಯಾರಾವನ್ನು ನಿಂತು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ.

ಗಿರಿಜ ಸೆರಗಿನ ಗಂಟು ಬಿಚ್ಚಿ, ಕೀ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳ ಕಣ್ಣಿನಲ್ಲಿ ನೀರಿತ್ತು. “ಸದ್ಯ” ಎಂದಳು, ಅಷ್ಟೆ. ಒಂಬತ್ತು ದಿನ ಅವಳು ಎಷ್ಟು ಹೆದರಿದ್ದಳೆಂದು ನನಗೆ ಆಗ ತಿಳಿಯಿತು. ಮಂಕಿ ಟೋಪಿಯನ್ನು ಕಿತ್ತು ಸೋಫಾದ ಮೇಲೆಸೆದೆ. ಏನು ಗಾಳಿ! ಏನು ಸ್ವಾತಂತ್ರ್ಯ!

ಆದರೆ ನಂಜುಂಡ ಇನ್ನೂ ಓದುತ್ತಿದ್ದ. ಔಷಧಿ ಚೀಟಿಗಳನ್ನು ಕೊನೆಯ ಸಾಲಿನವರೆಗೂ ಓದಿ ಅಭ್ಯಾಸವಾದವನು.

“ಭಾವ, ಕೆಳಗೆ ಎರಡನೇ ಪ್ಯಾರಾ ಐತಲ್ಲ.”

“ಏನಂತೆ?”

“ಎರಡೂ ಕಿವಿಗಳ ನಾಳಗಳು ಗುಗ್ಗೆಯಿಂದ ಪೂರ್ತಿ ಮುಚ್ಚಿಕೊಂಡಿವೆ. ಕಿವಿಯ ಡಾಕ್ಟ್ರಿಗೆ ತೋರ್ಸಿ, ಅಂತ.” ಅವನು ಕನ್ನಡಕ ಇಳಿಸಿ ನನ್ನನ್ನು ಗೌರವದಿಂದಲೇ ನೋಡಿದ. “ಒಪ್ಕೊಂಡೆ ಭಾವ. ತಲೇಲಿ ತೂತಿಲ್ಲ. ಇರ್ಬೇಕಾದ ಎರಡು ತೂತೂ ಇಲ್ಲ!”

ಸ್ಕೂಟರ್ ಕೊಳ್ಳಲು ಬಂದವರು ಕಾಫಿಯನ್ನು ಮೂಗಿಗೇರಿಸಿಕೊಂಡರು. ಗಿರಿಜ ಅಷ್ಟು ನಕ್ಕದ್ದನ್ನು ನಾನು ಈಚಿನ ವರ್ಷಗಳಲ್ಲಿ ಕಂಡಿರಲಿಲ್ಲ. ಅತ್ತದ್ದು ಎಲ್ಲಿ ನಿಂತು ನಕ್ಕದ್ದು ಎಲ್ಲಿ ಶುರುವಾಯಿತೋ, ಆ ಗಡಿಯನ್ನು ಯಾವ ಟ್ರೇಸರನೂ ಗುರುತಿಸಲಾರ. ಮೂವತ್ತು ಪ್ರತಿಗಳಲ್ಲಿ ಇಪ್ಪತ್ತೆಂಟು ಆಗಲೇ ಊರಿನ ಕೈ ಸೇರಿದ್ದವು. ಹಾಲಿನ ಬೂತಿನ ಪ್ರತಿಯಲ್ಲಿ ಎರಡನೆಯ ಪ್ಯಾರಾದ ಕೆಳಗೆ ಯಾರೋ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದರು. ಗೆರೆ ನೇರವಾಗಿರಲಿಲ್ಲ, ಆದರೆ ಸರಿಯಾದ ಜಾಗದಲ್ಲಿತ್ತು.

ಕೀ ಇಂದಿಗೂ ನನ್ನ ಜೇಬಿನಲ್ಲಿದೆ, ಸ್ಕೂಟರ್ ನನ್ನದೇ. ಕಿವಿಯ ಡಾಕ್ಟರ ಸರದಿ ಸಿಕ್ಕಿರುವುದು ಬರುವ ಗುರುವಾರಕ್ಕೆ. ಅಲ್ಲಿಯವರೆಗೆ ಗಿರಿಜ ಹಿಂದಿನ ಸೀಟಿನಲ್ಲಿ ಕುಳಿತು, ಬಸ್ಸು ಹಾರ್ನ್ ಹೊಡೆದಾಗ ಬೆನ್ನಿಗೆ ಒಂದು ಏಟು, ಲಾರಿಯಾದರೆ ಎರಡು, ಎಂಬ ಕರಾರಿಗೆ ನಾನು ಸಹಿ ಹಾಕಿದ್ದೇನೆ. ಪೂರಕ ವರದಿಯ ಮೂಲಪ್ರತಿಯನ್ನು ಕಟ್ಟು ಹಾಕಿಸಿ ನಮ್ಮ ಹಜಾರದ ಗೋಡೆಗೆ ನೇತುಹಾಕಲಾಗಿದೆ. ಅನುಮಾನವಿದ್ದವರು ಯಾವ ದಿನ ಬೇಕಾದರೂ ಬಂದು, ಎರಡೂ ಪ್ಯಾರಾಗಳನ್ನು ತಮ್ಮ ಕಣ್ಣಿನಿಂದಲೇ ಪರಿಶೀಲಿಸಬಹುದು. ಗುರುವಾರಕ್ಕಿಂತ ಮೊದಲು ಬರುವವರು ಬಾಗಿಲನ್ನು ಸ್ವಲ್ಪ ಜೋರಾಗಿ ತಟ್ಟಬೇಕೆಂದು ವಿನಂತಿ.